ಮಾತ್ರೆ ಡಬ್ಬಿಯ ಹಸಿರು ಟಿಕ್ ನಂಬಿ ಅಪ್ಪನ ಜೀವಕ್ಕೆ ಕುತ್ತು ತಂದುಕೊಂಡೆವು

ಮನೆಯಲ್ಲಿ ವಯಸ್ಸಾದವರಿಗೆ ಸ್ಮಾರ್ಟ್ ಮಾತ್ರೆ ಡಬ್ಬಿ ತಂದುಕೊಟ್ಟಿದ್ದೀರಾ? ಅಥವಾ ತರೋಣ ಅಂದುಕೊಂಡಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ತಂದ ಡಬ್ಬಿ ಕೆಟ್ಟಿರಲಿಲ್ಲ. ಒಂದು ದಿನವೂ ಕೈಕೊಡಲಿಲ್ಲ. ಆದರೂ ನಮ್ಮಪ್ಪ ವಸಡಿನಿಂದ ರಕ್ತ ಸೋರುತ್ತಾ ಆಸ್ಪತ್ರೆ ಸೇರಿದರು.

ಅಪ್ಪನಿಗೆ 74 ವರ್ಷ. ಹೃದಯದ ಬಡಿತ ಲಯ ತಪ್ಪುವ ತೊಂದರೆ ಇದೆ. ಇದಿದ್ದವರಿಗೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟುವ ಭಯ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದಕ್ಕೇ ದಿನಾ ರಾತ್ರಿ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ಅಂತೀವಲ್ಲ, ಅದು. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಐಎನ್‌ಆರ್ ಅಂತ ಒಂದು ರಕ್ತಪರೀಕ್ಷೆ ಇದೆ, ಅಂಕಿ ಏರಿದಷ್ಟೂ ರಕ್ತ ಹೆಪ್ಪುಗಟ್ಟುವುದು ನಿಧಾನ ಅಂತ ಅರ್ಥ. ಅದು 2ರಿಂದ 3ರ ಒಳಗೆ ಇರುವ ಹಾಗೆ ಡಾಕ್ಟರು ಡೋಸ್ ಹೊಂದಿಸುತ್ತಾರೆ.

ಮೊದಲೆಲ್ಲ ಅಮ್ಮ ರಾತ್ರಿ ಮಾತ್ರೆ, ನೀರಿನ ಲೋಟ ಎರಡೂ ಹಿಡಿದು ಅಪ್ಪನ ಮುಂದೆ ನಿಲ್ಲುತ್ತಿದ್ದರು. ಅವರು ನುಂಗಿದ ಮೇಲೇ ಅಲ್ಲಿಂದ ಕದಲುತ್ತಿದ್ದುದು. ನಾನು ಬೇರೆ ಊರಿನಲ್ಲಿದ್ದೇನೆ. ಅಮ್ಮನಿಗೂ ವಯಸ್ಸಾಯಿತು, ಈ ಹೊರೆ ಸ್ವಲ್ಪ ಇಳಿಸೋಣ ಅಂತ ಆ ಡಬ್ಬಿ ತರಿಸಿದೆ. ವಾರದ 7 ದಿನ, ದಿನಕ್ಕೆ 4 ಹೊತ್ತು, ಒಟ್ಟು 28 ಖಾನೆ. ಹೊತ್ತಿಗೆ ಸರಿಯಾಗಿ ಆಯಾ ಖಾನೆಯ ದೀಪ ಹೊತ್ತಿಕೊಂಡು ಬೀಪ್ ಬೀಪ್ ಎಂದು ಕೂಗುತ್ತದೆ. ಮುಚ್ಚಳ ತೆರೆದರೆ ಕೂಗು ನಿಲ್ಲುತ್ತದೆ. ನನ್ನ ಫೋನಿನಲ್ಲಿ ಹಸಿರು ಟಿಕ್ ಬೀಳುತ್ತದೆ, ತೆರೆಯದಿದ್ದರೆ ಕೆಂಪು. "ಇನ್ಮೇಲೆ ನೀನು ನಿಂತು ಕಾಯೋದು ಬೇಡಮ್ಮ, ನಾನು ಇಲ್ಲಿಂದಲೇ ನೋಡ್ಕೋತೀನಿ" ಎಂದು ಹೇಳಿದ್ದು ನಾನೇ.

ಒಂದು ತಿಂಗಳಾದ ಮೇಲೆ ಪರೀಕ್ಷೆ ಮಾಡಿಸಿದಾಗ ಐಎನ್‌ಆರ್ 1.4ಕ್ಕೆ ಇಳಿದಿತ್ತು. ಡಾಕ್ಟರು ಕೇಳಬೇಕಾದ್ದನ್ನೆಲ್ಲ ಕೇಳಿದರು. ಹಸಿರು ಸೊಪ್ಪು ಜಾಸ್ತಿ ತಿಂದಿರಾ? ಬೇರೆ ಯಾವುದಾದರೂ ಔಷಧಿ ಶುರು ಮಾಡಿದಿರಾ? ಮಾತ್ರೆ ತಪ್ಪುತ್ತಿದೆಯಾ? ಅಪ್ಪನ ಜೊತೆ ಹೋಗಿದ್ದ ನಾನು ಫೋನ್ ತೆಗೆದು ತೋರಿಸಿದೆ. ತಿಂಗಳಿಡೀ ಹಸಿರು, ಒಂದೇ ಒಂದು ಕೆಂಪು. "ಹಾಗಾದರೆ ಇವರಿಗೆ ಈ ಡೋಸ್ ಸಾಲುತ್ತಿಲ್ಲ" ಎಂದು 4 ಮಿಲಿಗ್ರಾಂ ಇದ್ದದ್ದನ್ನು 5 ಮಾಡಿದರು. ಎರಡು ವಾರ ಬಿಟ್ಟು ನೋಡಿದರೆ 1.5. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಹಸಿರು ಟಿಕ್. 5 ಹೋಗಿ 6 ಆಯಿತು.

ಡಾಕ್ಟರದು ತಪ್ಪು ಅಂತ ನಾನು ಹೇಳಲಾರೆ. ರೋಗಿ ಒಂದೂ ಮಾತ್ರೆ ಬಿಡದೆ ತೆಗೆದುಕೊಂಡೂ ಐಎನ್‌ಆರ್ ಏರದಿದ್ದರೆ ಡೋಸ್ ಏರಿಸಲೇಬೇಕು. ಅವರ ಕೈಗೆ ತಪ್ಪು ಲೆಕ್ಕ ಕೊಟ್ಟವನು ನಾನು.

ಇದಾಗಿ ಒಂದು ವಾರಕ್ಕೆ ಅಕ್ಕ ಅಲ್ಲಿಗೆ ಹೋದಳು, ಒಂದಷ್ಟು ದಿನ ಇದ್ದು ಬರೋಣ ಅಂತ. ಅವಳಿಗೆ ಡಬ್ಬಿಯ ಕೂಗು ಹಿಡಿಸಲಿಲ್ಲ. ಅಮ್ಮ ಮೊದಲು ಮಾಡುತ್ತಿದ್ದ ಹಾಗೆ ತಾನೇ ಮಾತ್ರೆ ಕೈಗಿಟ್ಟು, ನೀರು ಕೊಟ್ಟು, ನುಂಗಿಸಿ ಮಲಗುತ್ತಿದ್ದಳು. ಹತ್ತನೇ ದಿನ ಬೆಳಿಗ್ಗೆ ಹಲ್ಲುಜ್ಜುವಾಗ ಅಪ್ಪನ ವಸಡಿನಿಂದ ರಕ್ತ ಬಂತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ತೋಳಿನ ಮೇಲೆ ಅಂಗೈಯಗಲ ನೀಲಿಗಟ್ಟಿತ್ತು, ಎಲ್ಲೂ ಪೆಟ್ಟು ಬಿದ್ದಿರಲಿಲ್ಲ. ಐಎನ್‌ಆರ್ 6.8. ವಾರ್ಫರಿನ್ ನಿಲ್ಲಿಸಿ, ಅದರ ಪ್ರಭಾವ ಇಳಿಸುವ ವಿಟಮಿನ್ ಕೆ ಕೊಟ್ಟು, ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಇದೇ ರಕ್ತ ತಲೆಯೊಳಗೆ ಸೋರಿದ್ದರೆ? ಆ ರಾತ್ರಿ ಬಸ್ಸಿನಲ್ಲಿ ಕೂತು ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಕ್ಕ ಹಳೆ ಚೀಟಿ ಹುಡುಕುತ್ತಾ ಅಮ್ಮನ ಕಪಾಟು ತೆಗೆದಳು. ಅಲ್ಲೊಂದು ಸಣ್ಣ ತಗಡಿನ ಡಬ್ಬಿ. ಅದರೊಳಗೆ ವಾರ್ಫರಿನ್ ಮಾತ್ರೆಗಳು. ಕೂತು ಲೆಕ್ಕ ಹಾಕಿದೆವು. ಅಕ್ಕ ಬರುವ ಮೊದಲಿನ 7 ವಾರದ 49 ರಾತ್ರಿಗಳಲ್ಲಿ 23 ರಾತ್ರಿಯ ಮಾತ್ರೆ ಅಲ್ಲೇ ಇತ್ತು. ನನ್ನ ಫೋನಿನಲ್ಲಿ ಅದೇ 49ರಲ್ಲಿ 48 ಹಸಿರು.

"ಭಾನುವಾರ ತುಂಬಿಸೋಕೆ ಹೋದಾಗ ಖಾನೆಯಲ್ಲಿ ಮಾತ್ರೆ ಉಳಿದಿರೋದು. ಬಿಸಾಡೋಕೆ ಮನಸ್ಸು ಬರಲಿಲ್ಲ, ತೆಗೆದಿಟ್ಟೆ" ಎಂದರು ಅಮ್ಮ. ಯಾಕೆ ಹೇಳಲಿಲ್ಲ ಅಂದರೆ, "ನಿನಗೆ ಎಲ್ಲಾ ಫೋನಿನಲ್ಲಿ ಕಾಣುತ್ತೆ ಅಂದಿದ್ದೆಯಲ್ಲೋ. ನೀನು ಸುಮ್ಮನಿದ್ದೀಯ ಅಂದಮೇಲೆ ಸರಿ ಇರಬೇಕು ಅಂದುಕೊಂಡೆ."

ಅಮ್ಮ ಅಲ್ಲೇ ಇದ್ದಾರಲ್ಲ ಅಂತ ನಾನು. ಮಗ ನೋಡುತ್ತಿದ್ದಾನಲ್ಲ ಅಂತ ಅಮ್ಮ. ನಡುವೆ ಅಪ್ಪ. ಅವರನ್ನು ಕೇಳಿದರೆ ಉತ್ತರ ತೀರಾ ಸರಳ. ಡಬ್ಬಿ ಕೂಗುವುದು ರಾತ್ರಿ 9ಕ್ಕೆ. ಅಷ್ಟು ಹೊತ್ತಿಗೆ ಅಪ್ಪ ಹಾಸಿಗೆಯಲ್ಲಿ, ಅಮ್ಮನಿಗೆ ಜೋಂಪು. ಅಮ್ಮನಿಗೆ ಎಚ್ಚರವಾಗದಿರಲಿ ಎಂದು ಕೈಚಾಚಿ ಮುಚ್ಚಳ ತೆರೆದು ಸದ್ದು ನಿಲ್ಲಿಸುತ್ತಿದ್ದರು. ನೀರು ಪಕ್ಕದಲ್ಲಿರಲಿಲ್ಲ. ಎದ್ದು ತಂದು ನುಂಗೋಣ ಅಂದುಕೊಳ್ಳುತ್ತಾ ಹಾಗೇ ನಿದ್ದೆ ಹೋಗುತ್ತಿದ್ದರು. ಬೆಳಿಗ್ಗೆ ನೋಡಿದರೆ ದೀಪ ಆರಿದೆ. ತೆಗೆದುಕೊಂಡಿದ್ದೇನೆ ಅಂತಲೇ ಅವರೂ ನಂಬಿದ್ದರು.

ಆಮೇಲೆ ಕೂತು ಈ ಡಬ್ಬಿಗಳ ಬಗ್ಗೆ ಓದಿದೆ. ಕೊಳ್ಳುವ ಮೊದಲೇ ಓದಬೇಕಿತ್ತು. ನಮ್ಮದರ ಮುಚ್ಚಳದಲ್ಲಿ ಒಂದು ಸಣ್ಣ ಅಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಸೆನ್ಸರ್. ಅಯಸ್ಕಾಂತ ದೂರ ಸರಿದರೆ ಮುಚ್ಚಳ ತೆರೆದಿದೆ ಅಂತ ಲೆಕ್ಕ. ಅಷ್ಟೇ ಅದಕ್ಕೆ ಗೊತ್ತಾಗುವುದು. ಕೆಲವು ಡಬ್ಬಿಗಳು ತೂಕ ನೋಡುತ್ತವೆ. ಮಾತ್ರೆ ಹೊರಗೆ ಬಂತೆಂದು ಅವು ಹೇಳಬಲ್ಲವು. ಆದರೆ ಅದು ಬಾಯಿಗೆ ಹೋಯಿತೋ ಜೇಬಿಗೆ ಹೋಯಿತೋ ಅವಕ್ಕೂ ತಿಳಿಯದು. ಹೀಗಿದ್ದೂ ನನ್ನ ಫೋನಿನ ಪರದೆ ಮೇಲೆ ಬರುತ್ತಿದ್ದ ಪದ "ತೆಗೆದುಕೊಂಡರು". "ಮುಚ್ಚಳ ತೆರೆಯಿತು" ಅಂತ ಬರೆದಿದ್ದರೆ ನಾನು ಅದನ್ನು ಡಾಕ್ಟರಿಗೆ ಅಷ್ಟು ಧೈರ್ಯವಾಗಿ ತೋರಿಸುತ್ತಿರಲಿಲ್ಲ. ಈ ಒಂದು ಪದದ ಮೇಲೆ ನನಗೆ ಈಗಲೂ ಸಿಟ್ಟಿದೆ.

ನುಂಗಿದ್ದನ್ನೇ ಗುರುತಿಸುವ ಮಾತ್ರೆಯನ್ನೂ ಮಾಡಿದ್ದಾರೆ. ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2017ರಲ್ಲಿ ಅರಿಪಿಪ್ರಜೋಲ್ ಎಂಬ ಮಾನಸಿಕ ಕಾಯಿಲೆಯ ಔಷಧಿಯ ಅಂಥ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಮಾತ್ರೆಯೊಳಗಿನ ಪುಟ್ಟ ಸೆನ್ಸರ್ ಹೊಟ್ಟೆಯ ರಸ ತಾಗಿದಾಗ ಮೈಗೆ ಅಂಟಿಸಿದ ಪಟ್ಟಿಗೆ ಸಂಕೇತ ಕಳಿಸುತ್ತದೆ. ಅಷ್ಟಾದರೂ, ಇದರಿಂದ ರೋಗಿಗಳು ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಾರೆ ಎಂಬುದು ಸಾಬೀತಾಗಿಲ್ಲ ಅಂತ ಎಫ್‌ಡಿಎ ಆಗಲೇ ಹೇಳಿತ್ತು. ಆ ಸೆನ್ಸರ್ ಮಾಡಿದ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿತು.

ಇನ್ನೊಂದು ವಿಷಯ ಕೂದಲೆಳೆಯಲ್ಲಿ ತಪ್ಪಿತು. ವಾರ್ಫರಿನ್ ಬದಲು ಡಾಬಿಗಾಟ್ರಾನ್ ಎಂಬ ಕ್ಯಾಪ್ಸೂಲ್ ಕೊಡುವ ಮಾತು ಬಂದಿತ್ತು. ಅದಾದರೂ ಡಬ್ಬಿಗೆ ಹಾಕಬಹುದಲ್ಲ ಅಂದಾಗ ಫಾರ್ಮಸಿಸ್ಟ್ ತಕ್ಷಣ ತಡೆದರು. ಅದು ತೇವಕ್ಕೆ ಕೆಡುತ್ತದೆ, ತಯಾರಕರ ಬಾಟಲಿ ಅಥವಾ ಸ್ಟ್ರಿಪ್‌ನಲ್ಲೇ ಇರಬೇಕು. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆಯೂ ಹಾಗೇ, ಗಾಜಿನ ಬಾಟಲಿಯಿಂದ ತೆಗೆದಿಟ್ಟರೆ ಅದರ ಶಕ್ತಿ ಕುಂದುತ್ತದೆ. ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನಾ ತೆಗೆದುಕೊಂಡು ಜೀವ ಕಳೆದುಕೊಂಡವರಿದ್ದಾರೆ. ದಿನಕ್ಕೊಂದು ಖಾನೆ ಇರುವ ಡಬ್ಬಿಗೆ ಅದನ್ನು ತುಂಬುವಾಗ ಎಷ್ಟು ಜಾಗ್ರತೆ ಬೇಕು, ನೀವೇ ಯೋಚಿಸಿ.

ವೈಫೈ ಕಥೆ ಬೇರೆ. ಇಂಥ ಎಷ್ಟೋ ಸಾಧನಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ. ರೂಟರ್ ಬದಲಾದರೆ, ಪಾಸ್‌ವರ್ಡ್ ಬದಲಾದರೆ ಸಂದೇಶ ಬರುವುದೇ ನಿಂತುಹೋಗುತ್ತದೆ. ಆಗ ಕೆಂಪೂ ಬರುವುದಿಲ್ಲ. ಕೆಂಪು ಬರಲಿಲ್ಲ ಅಂತ ನೆಮ್ಮದಿಯಾಗಿ ಇದ್ದುಬಿಡಬೇಡಿ.

ಡಬ್ಬಿಯನ್ನು ನಾವು ಬಿಸಾಡಿಲ್ಲ. ಈಗ ಅದು ಬರೀ ಗಂಟೆ. ಡಾಕ್ಟರನ್ನು ಕೇಳಿ ಹೊತ್ತನ್ನು 9ರಿಂದ ಏಳೂವರೆಗೆ ತಂದೆವು, ಎಲ್ಲರೂ ಎದ್ದಿರುವ ಹೊತ್ತಿಗೆ. ಪಕ್ಕದಲ್ಲಿ ನೀರು ಮೊದಲೇ ಇರುತ್ತದೆ. ನುಂಗಿದ ಮೇಲೆ ಅಪ್ಪ ತಾವೇ ಪೆನ್ನಿನಿಂದ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾರೆ. ಭಾನುವಾರ ಅಮ್ಮ ನನಗೆ ವಿಡಿಯೋ ಕರೆ ಮಾಡಿ, ತುಂಬಿಸುವ ಮೊದಲು 28 ಖಾನೆಯನ್ನೂ ತೆರೆದು ತೋರಿಸುತ್ತಾರೆ. ಏನಾದರೂ ಉಳಿದಿದ್ದರೆ ಆ ದಿನ ಬರೆದಿಟ್ಟು, ಡಾಕ್ಟರಿಗೆ ಅದನ್ನೇ ತೋರಿಸುತ್ತೇವೆ. ಡೋಸ್ ಬದಲಾದ ದಿನ ಇಡೀ ಡಬ್ಬಿ ಖಾಲಿ ಮಾಡಿ ಹೊಸದಾಗಿ ತುಂಬುತ್ತೇವೆ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಇವತ್ತೇ ಫೋನ್ ಮಾಡಿ. ಮಾತ್ರೆ ತಗೊಂಡ್ರಾ ಅಂತ ಕೇಳಬೇಡಿ, ಹೂಂ ಅಂತಾರೆ. ವಾರದ ಕೊನೆಗೆ ಖಾನೆಯಲ್ಲಿ ಉಳಿದ ಮಾತ್ರೆಯನ್ನು ಏನು ಮಾಡ್ತೀರಿ ಅಂತ ಕೇಳಿ.