ಬಿ ಅಂಡ್ ಡಬ್ಲ್ಯು ಕಂಪ್ಯಾನಿಯನ್ ಹಿಚ್: ಭಾರ ಎಲ್ಲಿ ಕೂರುತ್ತದೆ ಎಂಬುದೇ ಮುಖ್ಯ

ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಹಂಬೋಲ್ಟ್ ಎಂಬ ಸಣ್ಣ ಊರಿನ ಬಿ ಅಂಡ್ ಡಬ್ಲ್ಯು ಕಂಪನಿಯ ‘ಕಂಪ್ಯಾನಿಯನ್’ ಫಿಫ್ತ್ ವೀಲ್ ಹಿಚ್ ಅನ್ನು, ಅಂದರೆ ಟ್ರಕ್ಕಿನ ಬೆಡ್ಡಿನಲ್ಲಿ (ಹಿಂಬದಿಯ ತೆರೆದ ಸರಕು ಜಾಗದಲ್ಲಿ) ಕೂತು ಟ್ರೇಲರನ್ನು ಹಿಡಿಯುವ ಕೊಂಡಿಯನ್ನು, ನಾವು ಎಂಟು ಅಡಿ ಬೆಡ್ಡಿನ, ಒಂದು ಟನ್ ವರ್ಗದ ಪಿಕಪ್ ಟ್ರಕ್ಕಿನಲ್ಲಿ ಬಳಸುತ್ತಿದ್ದೇವೆ. ಬೆಡ್ಡಿನ ನೆಲಕ್ಕೆ ಅಡ್ಡಪಟ್ಟಿಗಳನ್ನು ಕೂರಿಸುವ ಅಗತ್ಯ ಇದಕ್ಕಿಲ್ಲ. ಚಾಸಿಗೆ ಬಿಗಿದಿರುವ ಅದೇ ಕಂಪನಿಯ ಟರ್ನ್‌ಓವರ್ ಬಾಲ್ ಹಿಚ್‌ನ ಕುಳಿಯೊಳಗೆ ಇದರ ನಡುಗಂಬ ಇಳಿಯುತ್ತದೆ. ಬೇಡವಾದಾಗ ಎರಡು ಭಾಗವಾಗಿ ಬಿಚ್ಚಿ ತೆಗೆದರೆ ಬೆಡ್ ಮತ್ತೆ ಸಪಾಟಾಗುತ್ತದೆ. ಭಾಗಗಳು ಭಾರವಾಗಿರುವುದರಿಂದ ಎತ್ತಲು ಇನ್ನೊಬ್ಬರ ಕೈ ಇರಲೇಬೇಕು.

ಈ ಬಗೆಯ ಹಿಚ್‌ಗೆ ಹಣ ಹಾಕುವುದು ಏಕೆ ಸಾರ್ಥಕ ಎಂಬುದು ಸಣ್ಣದೊಂದು ಲೆಕ್ಕದಲ್ಲಿ ಗೊತ್ತಾಗುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 160 ಇಂಚು ಅಂತರವಿರುವ ಟ್ರಕ್ಕಿನಲ್ಲಿ ಹಿಂದಿನ ಆಕ್ಸಲ್‌ನಿಂದ 64 ಇಂಚು ಹಿಂದಿರುವ ಬಂಪರ್ ಬಾಲ್ (ಸಾಮಾನ್ಯ ಟ್ರೇಲರ್ ಸಿಕ್ಕಿಸುವ ಗುಂಡು) ಮೇಲೆ 1,000 ಪೌಂಡ್ ಹೇರಿದರೆ, ಮುಂದಿನ ಚಕ್ರಗಳ ಮೇಲಿನ ಭಾರ 400 ಪೌಂಡ್ ಕಡಿಮೆಯಾಗಿ, ಹಿಂದಿನ ಆಕ್ಸಲ್ 1,400 ಪೌಂಡ್ ಹೊರಬೇಕಾಗುತ್ತದೆ. ಸ್ಟಿಯರಿಂಗ್ ಹಗುರವಾಗುವುದೂ, ಹೆಡ್‌ಲೈಟ್ ಆಕಾಶ ನೋಡುವುದೂ ಇದರಿಂದಲೇ. ಅದೇ ಟ್ರಕ್ಕಿನಲ್ಲಿ ಹಿಂದಿನ ಆಕ್ಸಲ್‌ಗಿಂತ ಎರಡು ಇಂಚು ಮುಂದೆ ಕೂತ ಫಿಫ್ತ್ ವೀಲ್ ಹಿಚ್ ಮೇಲೆ 2,000 ಪೌಂಡ್ ಬಿದ್ದರೂ ಮುಂದಿನ ಚಕ್ರಗಳಿಗೆ 25 ಪೌಂಡ್ ಸೇರುತ್ತದೆಯೇ ಹೊರತು ಅಲ್ಲಿಂದ ಏನೂ ಕಳೆಯುವುದಿಲ್ಲ. ದೊಡ್ಡ ಲಾರಿಗಳು ಪಕ್ಕದಲ್ಲಿ ಹಾದುಹೋಗುವಾಗ ಟ್ರೇಲರ್ ಬಾಲ ಅಲ್ಲಾಡಿಸದೆ ಬರುವುದಕ್ಕೂ ಈ ಸ್ಥಾನವೇ ಬಹುಮಟ್ಟಿಗೆ ಕಾರಣ.

ಆದರೆ ಹಿಂದಿನ ಆಕ್ಸಲ್ ಉಳಿದ 1,975 ಪೌಂಡನ್ನೂ ಹೊರುತ್ತದೆ ಎಂಬುದನ್ನು ಖರೀದಿಸುವವರು ಮರೆಯಬಾರದು. ಎತ್ತಿನ ಗಾಡಿಗೆ ಹೇರು ಹೇರುವವರು ಮೂಕಿ ಮೇಲೇಳದಂತೆ ಅಚ್ಚಿನ ಮುಂಭಾಗಕ್ಕೆ ತುಸು ಹೆಚ್ಚು ಭಾರ ಬಿಡುವ ಹಾಗೆಯೇ, ಫಿಫ್ತ್ ವೀಲ್ ಟ್ರೇಲರ್ ತನ್ನ ತೂಕದ ಶೇ. 15ರಿಂದ 25ರಷ್ಟನ್ನು ಕಿಂಗ್‌ಪಿನ್ (ಟ್ರೇಲರಿನ ಮುಂಭಾಗದಿಂದ ಕೆಳಕ್ಕೆ ಚಾಚಿದ ಗೂಟ) ಮೂಲಕ ಟ್ರಕ್ಕಿನ ಮೇಲೆ ಇಡುತ್ತದೆ. ಟ್ರೇಲರ್ 12,000 ಪೌಂಡ್ ಇದ್ದರೆ, ಶೇ. 20ರ ಲೆಕ್ಕದಲ್ಲಿ ಅದು 2,400 ಪೌಂಡ್. ಹಿಚ್‌ನ ತೂಕ, ಮನೆಮಂದಿ, ಸಾಮಾನು ಎಲ್ಲವೂ ಅದರ ಮೇಲೆ ಸೇರುತ್ತವೆ. ಸಾಮಾನ್ಯ ಕಂಪ್ಯಾನಿಯನ್ ಮಾದರಿಗೆ ಕಂಪನಿ ಕೊಡುವ ಮಿತಿ 20,000 ಪೌಂಡ್ ಎಳೆತ, 5,000 ಪೌಂಡ್ ನೇರ ಭಾರ. ಅದು ಹಿಚ್‌ನ ಶಕ್ತಿಯೇ ಹೊರತು ಟ್ರಕ್ಕಿನದಲ್ಲ. ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವ ಪೇಲೋಡ್ (ಟ್ರಕ್ ಹೊರಬಹುದಾದ ಒಟ್ಟು ಭಾರ) ಅಂಕಿಯನ್ನು ಮೊದಲು ಓದಿ, ಆಮೇಲೆ ಹಿಚ್ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ದಿನಬಳಕೆಯಲ್ಲಿ ನನಗೆ ಬಹಳ ಹಿಡಿಸಿದ್ದು ಇದರ ದವಡೆಗಳು. ಟ್ರಕ್ಕನ್ನು ನಿಧಾನವಾಗಿ ಹಿಂದಕ್ಕೆ ತಂದಾಗ ಅವು ಕಿಂಗ್‌ಪಿನ್ನನ್ನು ಸುತ್ತಲೂ ತಬ್ಬಿ ಹಿಡಿಯುತ್ತವೆ. ಪಿನ್ನಿಗೂ ದವಡೆಗೂ ನಡುವೆ ಸಡಿಲವಿಲ್ಲದ ಕಾರಣ ಬ್ರೇಕ್ ಹಾಕಿದಾಗ ಬೆನ್ನಿಗೆ ಗುದ್ದಿದಂತಾಗುವುದಿಲ್ಲ. ನೆಲ ಓರೆಯಾಗಿದ್ದು ಪಿನ್ ಒತ್ತಿಕೊಂಡಿದ್ದರೂ ಹಿಡಿಕೆ ಬಿಡಿಸಿಕೊಳ್ಳುತ್ತದೆ. ಆದರೂ ಪ್ರತಿ ಸಲ ಟಾರ್ಚ್ ಹಾಕಿ ದವಡೆ ಮುಚ್ಚಿದ್ದನ್ನು ಕಣ್ಣಾರೆ ನೋಡಿ, ಟ್ರೇಲರ್ ಬ್ರೇಕ್ ಹಿಡಿದು ಮುಂದಕ್ಕೊಮ್ಮೆ ಜಗ್ಗಿದ ಮೇಲೆಯೇ ಟ್ರೇಲರಿನ ಮುಂಗಾಲುಗಳನ್ನು ಎತ್ತಬೇಕು.

ಗಿಡ್ಡ ಬೆಡ್ಡಿನ ಟ್ರಕ್ಕಿನವರಿಗೆ ಈ ಮಾದರಿಯನ್ನು ನಾನು ಸೂಚಿಸುವುದಿಲ್ಲ. ತಿರುವಿನಲ್ಲಿ ಟ್ರೇಲರಿನ ಮೂಲೆ ಕ್ಯಾಬಿನ ಗಾಜಿಗೆ ತಗುಲುವ ಅಪಾಯವಿರುವುದರಿಂದ ಅವರು ಜಾರುವ ಹಿಚ್ ಕೊಳ್ಳುವುದೇ ಸರಿ. ಅದನ್ನು ಹಿಂದಕ್ಕೆ ಸರಿಸಿದಾಗ ಭಾರವೂ ಆಕ್ಸಲ್‌ನ ಹಿಂದೆ ಹೋಗುವುದರಿಂದ, ಪಾರ್ಕಿಂಗ್ ಜಾಗದಲ್ಲಿ ತಿರುಗಿಸಿದ ಕೂಡಲೇ ಮುಂದಕ್ಕೆ ತಂದು ಲಾಕ್ ಮಾಡಿಯೇ ರಸ್ತೆಗೆ ಇಳಿಯಬೇಕು.