ಅಜ್ಜಿಯ ವೀಣೆಯ ದುರಸ್ತಿ: ಮೈಸೂರಿನ ಒಬ್ಬ ಕುಶಲಕರ್ಮಿಯ ಕೆಲಸದ ಬಗ್ಗೆ

ಅಟ್ಟದ ಮೇಲೆ ಜಮಖಾನದಲ್ಲಿ ಸುತ್ತಿಟ್ಟಿದ್ದ ಅಜ್ಜಿಯ ವೀಣೆಯನ್ನು 30 ವರ್ಷಗಳ ಬಳಿಕ ಕೆಳಗಿಳಿಸಿದಾಗ ತುದಿಯಲ್ಲಿ ಕೆತ್ತಿದ ಯಾಳಿಯೆಂಬ ಸಿಂಹಮುಖದ ಕೆಳದವಡೆ ಮುರಿದಿತ್ತು, ಸೋರೆಬುರುಡೆ ಸೀಳಿತ್ತು, ಸ್ವರಸ್ಥಾನಗಳ ಮೆಟ್ಟಿಲುಗಳನ್ನು ಹಿಡಿದಿಡುವ ಮೇಣ ಒಣಗಿ 24ರಲ್ಲಿ ಒಂಬತ್ತು ಸಡಿಲಾಗಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಹೆದರಿಸಿದ್ದು ವೀಣೆಯ ಉದ್ದನೆಯ ಕತ್ತಾದ ದಂಡಿ, ನಾದ ತುಂಬುವ ದುಂಡನೆಯ ಕೊಡವನ್ನು ಕೂಡುವಲ್ಲಿ ಕಂಡ ಬಿರುಕು.

ಮೊದಲು ವಿಚಾರಿಸಿದ ಅಂಗಡಿಯವರು ಮೊಬೈಲಿನಲ್ಲಿ ಚಿತ್ರ ನೋಡಿಯೇ, ಪೂರ್ತಿ ಪಾಲಿಶ್ ಮಾಡಿ ಹೊಸ ಬುರುಡೆ ಹಾಕಲು 45,000 ರೂಪಾಯಿ ಆಗುತ್ತದೆ, ಬೇಡವಾದರೆ ಶೋಕೇಸಿಗೆಂದು ತಾವೇ ಕೊಳ್ಳುವುದಾಗಿ ಹೇಳಿದರು. ಬಿರುಕಿನ ಮಾತನ್ನೇ ಅವರು ಎತ್ತಲಿಲ್ಲ.

ಮೈಸೂರಿನ ಕುಶಲಕರ್ಮಿ ಹಣದ ಮಾತಿಗೆ ಮುನ್ನ ಒಂದು ಗಂಟೆ ವೀಣೆಯನ್ನೇ ನೋಡಿದರು. ತಂತಿಗಳನ್ನೆಲ್ಲ ಬಿಚ್ಚಿ, ತಂತಿಗಳನ್ನು ಎರಡು ತುದಿಯಲ್ಲಿ ಹೊರುವ ಮೇರುವಿನಿಂದ ಕುದುರೆಯವರೆಗೆ ದಾರವೊಂದನ್ನು ಬಿಗಿದು, ನಡುವೆ ದಂಡಿ ಎಷ್ಟು ತಗ್ಗಿದೆ ಎಂದು ಅಳೆದರು. ಬಿಳಿ ಬಟ್ಟೆ ಹಾಸಿ ಕೊಡದ ಸುತ್ತ ಬೆರಳ ಗೆಣ್ಣಿನಿಂದ ತಟ್ಟಿದರು. ಹೊಸ ಹುಡಿ ಉದುರಿದ್ದರೆ ಹುಳು ಇನ್ನೂ ಒಳಗಿದೆಯೆಂದು ಅರ್ಥವಂತೆ. ಉದುರಲಿಲ್ಲ. ದಂಡಿ ಬಾಗಿದ್ದರೆ ಎಷ್ಟು ಚೆನ್ನಾಗಿ ಮೇಳ ಕಟ್ಟಿದರೂ, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಮೇಣದಲ್ಲಿ ಕೂರಿಸಿದರೂ, ಶ್ರುತಿ ನಿಲ್ಲುವುದಿಲ್ಲವಾದ್ದರಿಂದ ಆಗ ದುಡ್ಡು ಸುರಿಯುವುದು ದಂಡವೆಂದೂ, ಬುರುಡೆಯೂ ಯಾಳಿಯೂ ನಾದಕ್ಕೆ ಹೆಚ್ಚೇನೂ ಕೊಡುವುದಿಲ್ಲವೆಂದೂ ವಿವರಿಸಿದರು. ನಮ್ಮದು ಒಂದೇ ಮರದಲ್ಲಿ ಕೊರೆದ ಏಕಾಂಡ ವೀಣೆಯಲ್ಲ, ಹಲಸಿನ ಬೇರೆ ಬೇರೆ ತುಂಡುಗಳನ್ನು ಬೆಸೆದ ಒಟ್ಟು ವೀಣೆ. ಏಕಾಂಡಕ್ಕೆ ಬೆಲೆ ಹೆಚ್ಚೆಂಬುದು ನಿಜ, ಆದರೆ ಅದೇ ಜಾಗದಲ್ಲಿ ಅದು ಬಿರಿದಿದ್ದರೆ ಮರವೇ ಸೀಳಿದಂತಾಗುತ್ತಿತ್ತು. ನಮ್ಮದರಲ್ಲಿ ಬಿಟ್ಟುಕೊಂಡಿದ್ದು ಹಳೆಯ ಬೆಸುಗೆ ಮಾತ್ರ.

ಕೊಡದ ಅಂಚಿನ ದಂತದ ಕೆತ್ತನೆಯಲ್ಲಿ ಕೆಲವು ತುಣುಕುಗಳು ಬಿದ್ದುಹೋಗಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ದೇಶದ ದಂತದ ವ್ಯಾಪಾರವನ್ನು ನಿಷೇಧಿಸಿದೆ. ಪ್ಲಾಸ್ಟಿಕ್ ತುಂಬಲು ಅವರಿಗೂ ಮನಸ್ಸಿರಲಿಲ್ಲ, ನಮಗೂ ಇರಲಿಲ್ಲ. ಗುಂಡಿಗಳನ್ನು ಹಾಗೆಯೇ ಬಿಟ್ಟರು.

ಮೇಳ ಕಟ್ಟುವ ದಿನ ನಾನು ಪಕ್ಕದಲ್ಲಿಯೇ ಕುಳಿತಿದ್ದೆ. ಇದ್ದಿಲ ಪುಡಿ ಬೆರೆತ ಕಪ್ಪು ಮೇಣವನ್ನು ಬಿಸಿ ಮಾಡಿ ಹಚ್ಚಿ, ಅದರಲ್ಲಿ ಮೆಟ್ಟಿಲನ್ನು ಒತ್ತಿ, ಮೊದಲ ತಂತಿಯಾದ ಸಾರಣಿಯನ್ನು ಮೀಟಿ, ತಂಬೂರಿಯ ಶ್ರುತಿಗೆ ಕಿವಿಗೊಟ್ಟು, ಕೂದಲೆಳೆಯಷ್ಟು ಸರಿಸಿ ಮತ್ತೆ ಮೀಟುತ್ತಿದ್ದರು. ಹಳೆಯ ಮೆಟ್ಟಿಲುಗಳನ್ನೇ ಅರದಿಂದ ಉಜ್ಜಿ ಬಳಸಿದರು. ಪಂಚಮದ ಮೆಟ್ಟಿಲ ಮೇಲೆ ಅಜ್ಜಿ ಮೂಡಿಸಿದ್ದ ಗೀರು ಪೂರ್ತಿ ಹೋಗಿಲ್ಲ.

ದೂರುಗಳೂ ಇವೆ. ಮೂರು ವಾರವೆಂದದ್ದು ಹನ್ನೊಂದು ವಾರವಾಯಿತು, ನಡುವೆ ಫೋನ್ ಎತ್ತುತ್ತಿರಲಿಲ್ಲ. ಯಾಳಿಯ ಹೊಸ ದವಡೆಯ ಬಣ್ಣ ತೇರಿನ ಬೊಂಬೆಯಂತೆ ಕಣ್ಣಿಗೆ ಹೊಡೆಯುತ್ತದೆ. ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ತಾರಸ್ಥಾಯಿಯ ಎರಡು ಮೆಟ್ಟಿಲುಗಳು ಜರುಗಿದವು. ಅದನ್ನು ಮಾತ್ರ ಹಣ ಪಡೆಯದೆ ಸರಿಪಡಿಸಿಕೊಟ್ಟರು. ಒಟ್ಟು ಖರ್ಚು 19,000 ರೂಪಾಯಿ. ಮಂದ್ರದ ತಂತಿ ಈಗ ಜರ್ ಎನ್ನದೆ ತುಂಬಿ ನುಡಿಯುತ್ತದೆ. ಬುರುಡೆಯನ್ನು ಬದಲಿಸಲಿಲ್ಲ, ಸೀಳಿಗೆ ಒಳಗಿನಿಂದ ಬಟ್ಟೆ ಅಂಟಿಸಿದ್ದಾರೆ, ಎಡತೊಡೆಯ ಮೇಲೆ ಕೂರಲು ಅದಕ್ಕೆ ಅಷ್ಟು ಸಾಕು.