ಬೋರ್ಡಿಲ್ಲದ ಕಲ್ಲಿನಂಗಡಿ: ನಮ್ಮೂರ ಯೋಧರ ಕಲ್ಲು ಕೆತ್ತಿಸಿದ್ದರ ರಿವ್ಯೂ

ಗದಗದಿಂದ ಲಕ್ಕುಂಡಿ ಕಡೆ ಹೊಂಟ್ರ ಹಾದ್ಯಾಗ ಎಡಕ್ಕ ಒಂದು ತಗಡಿನ ಶೆಡ್ ಐತಿ, ಬೋರ್ಡ್ ಇಲ್ಲ, ಮ್ಯಾಪಿನ್ಯಾಗೂ ತೋರ್ಸೂದಿಲ್ಲ, ಮುಂದ ಅರ್ಧ ಕೆತ್ತಿದ ಬಸವಣ್ಣ ಎರಡು, ಒಂದು ತುಳಸಿ ಕಟ್ಟಿ, ಕಲ್ಲಿನ ಚಕ್ಕಿ ರಾಶಿ ಬಿದ್ದಿರ್ತೈತಿ, ಅದೇ ಗುರ್ತು. ನಮ್ಮೂರ ಯೋಧರ ಕಲ್ಲು ಇಲ್ಲೇ ಮಾಡಿಸಿದ್ವಿ. ನಿಲ್ಲಿಸಿ ಒಂದು ವರ್ಷ ದಾಟೇತಿ, ಒಂದು ಮಳಿಗಾಲ ಒಂದು ಬ್ಯಾಸಗಿ ನೋಡೇತಿ, ಅದಕ್ಕ ಈಗ ಬರ್ಯಾಕತ್ತೇನಿ. ತಂದ ದಿನಾನೇ ಐದು ಸ್ಟಾರ್ ಕೊಡಾಕ ಕಲ್ಲೇನು ಮಿರ್ಚಿ ಭಜಿ ಅಲ್ಲಲ್ಲ, ಬಾಯಿಗಿಟ್ಟ ಕೂಡ್ಲೇ ಗೊತ್ತಾಗಾಕ.

ಯಾಕ ಮಾಡಿಸಿದ್ವಿ ಅಂದ್ರ, ನಮ್ಮೂರ ಹಳೇ ಚಾವಡಿ ಗ್ವಾಡಿಗೆ ಒಂದು ಬಿಳಿ ಕಲ್ಲು ಐತಿ, ಬ್ರಿಟಿಷರ ಕಾಲದ್ದು, ಇಂಗ್ಲಿಷ್‌ನಾಗ ಬರದಾರ. ಈ ಊರಿಂದ ಇಷ್ಟು ಮಂದಿ 1914-1919ರ ಮಹಾಯುದ್ಧಕ್ಕ ಹೋದ್ರು, ಅದ್ರಾಗ ಇಷ್ಟು ಮಂದಿ ಜೀವಾ ಕೊಟ್ರು. ಮುಗೀತು, ಅಷ್ಟ. ಹಿಂದೂಸ್ತಾನದ ಎಷ್ಟೋ ಊರಾಗ ಇದೇ ಒಕ್ಕಣಿ ಕಲ್ಲು ಹಚ್ಯಾರ, ಊರು ಬದಲಾದ್ರ ಅಂಕಿ ಅಷ್ಟ ಬದಲಿ. ನಮ್ಮದ್ರಾಗ ಸತ್ತವರು 2 ಅಂತೈತಿ. ಯಾರು ಆ ಇಬ್ರು? ನಮ್ಮ ಅಜ್ಜ ಇರೂತನಕ "ಬಸ್ರಾಕ್ಕ ಹೋದಾಂವ" ಅಂತ ಒಬ್ಬನ ಸುದ್ದಿ ಹೇಳ್ತಿದ್ರು, ಹೆಸರು ಕೇಳಿದ್ರ ಅವರಿಗೂ ಗೊತ್ತಿರಲಿಲ್ಲ. ಊರಾಗ ಒಂದು ಜಾಗಾಕ್ಕ ಈಗೂ ಬಸ್ರಾದವರ ಹಿತ್ತಲ ಅಂತಾರ, ಅಲ್ಲಿ ಬರೇ ಜಾಲಿ ಕಂಟಿ ಬೆಳದೈತಿ. ಆವಾಗ ಮರಾಠಾ ಪಲ್ಟನ್‌ಗಳು ಮೆಸೊಪೊಟೇಮಿಯಾದಾಗ, ಅಂದ್ರ ಬಸ್ರಾ ಇರೋ ಈಗಿನ ಇರಾಕಿನ್ಯಾಗ ಇದ್ವು, ಕುಟ್ ಅನ್ನೋ ಊರಾಗ 1915ರ ಡಿಸೆಂಬರ್‌ನಿಂದ ತುರ್ಕರ ಮುತ್ತಿಗಿಯೊಳಗ ಸಿಕ್ಕು, ಹೊಟ್ಟಿಗಿಲ್ದ ಕುದರಿ ಮಾಂಸ ತಿನ್ನೋ ಗತಿ ಬಂದು, 1916ರ ಏಪ್ರಿಲ್ 29ಕ್ಕ ಶರಣಾದ್ರು. ಬಸ್ರಾದಾಗ ದೊಡ್ಡ ಸ್ಮಾರಕ ಕಟ್ಟಿದ್ರು, 40 ಸಾವಿರಕ್ಕಿಂತ ಹೆಚ್ಚು ಮಂದೀದು, ಆದ್ರ ಹಿಂದೂಸ್ತಾನದ ಸಾದಾ ಸಿಪಾಯಿಗಳ ಹೆಸರು ಕೆತ್ತಲಿಲ್ಲ, ಪಲ್ಟನ್ ಹೆಸರು ಬರದು ಅದರ ಕೆಳಗ ಇಷ್ಟು ಮಂದಿ ಅಂತ ಲೆಕ್ಕ ಅಷ್ಟ ಕೊಟ್ರು. ಆ ಸ್ಮಾರಕ ನೋಡಿಕೊಳ್ಳೋ ಕಾಮನ್‌ವೆಲ್ತ್ ಆಯೋಗ 2021ರಾಗ ತಪ್ಪಾತು ಅಂತ ಕ್ಷಮಾ ಕೇಳೇತಿ. ನೂರು ವರ್ಷ ಆದಮ್ಯಾಲೆ. ಅಲ್ಲಿ ಬಸ್ರಾದಾಗ ಲೆಕ್ಕ, ಇಲ್ಲಿ ನಮ್ಮ ಚಾವಡ್ಯಾಗೂ ಲೆಕ್ಕ.

ಹಂಗಾಗಿ ನಮ್ಮ ಕಾಲದವರದ್ದಾದ್ರೂ ಹೆಸರು ಬರೀಬೇಕು ಅಂತ ಊರಾಗ ಪಟ್ಟಿ ಎತ್ತಿದ್ವಿ. ಮೂರು ಹೆಸರು. 1971ರ ಡಿಸೆಂಬರ್‌ನಾಗ ಹೋದ ನಮ್ಮ ದೊಡ್ಡಪ್ಪ, ಶ್ರೀಲಂಕಾಕ್ಕ ಶಾಂತಿಪಡೆ ಹೋದಾಗ ಅಲ್ಲಿ ತೀರಿದಾಂವ ಒಬ್ಬ, ಸಿಯಾಚಿನ್‌ನಾಗ ಪುಪ್ಪಸಕ್ಕ ನೀರು ತುಂಬಿ ಹೋದಾಂವ ಒಬ್ಬ. ಮೂರನೇದಕ್ಕ ಪಂಚಾಯ್ತ್ಯಾಗ ಜಗಳಾನೇ ಆತು. ಗುಂಡು ತಾಗಿಲ್ಲ, ಜಡ್ಡಾಗಿ ಸತ್ತಾನ, ಯುದ್ಧದ ಕಲ್ಲಿನ ಮ್ಯಾಲೆ ಹೆಂಗ ಬರೀತೀರಿ ಅಂತ ಒಬ್ರು. ಸುಬೇದಾರ್ ಕಾಕಾ, ನಮ್ಮೂರ ಮಾಜಿ ಸೈನಿಕರು, ಭಾಳ ಮಾತಾಡೋರಲ್ಲ, ಅವತ್ತು ಎದ್ದು ನಿಂತ್ರು. "1984ರಿಂದ ಅಲ್ಲಿ ಗುಂಡಿಗೆ ಸತ್ತವರಿಗಿಂತ ಥಂಡಿಗೆ, ಹಿಮಕ್ಕ ಸತ್ತವರು ಹೆಚ್ಚು. ಬೆಟದೂರಿನ ಹನುಮಂತಪ್ಪ ಕೊಪ್ಪದಗ ಯಾವ ಗುಂಡು ತಾಗಿತ್ತು ಹೇಳ್ರಿ?" ಮಂದಿ ಸುಮ್ಮನಾದ್ರು. ಕುಂದಗೋಳ ತಾಲೂಕಿನ ಬೆಟದೂರು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ, 2016ರ ಫೆಬ್ರವರಿ 3ಕ್ಕ 19,600 ಅಡಿ ಮ್ಯಾಲೆ ಹಿಮ ಕುಸದು ಹತ್ತು ಮಂದಿ ಮ್ಯಾಲೆ ಬಿತ್ತು, ಆರು ದಿನದ ಮ್ಯಾಲೆ ಅಗದು ತಗದ್ರ ಅವರೊಬ್ರು ಇನ್ನೂ ಉಸುರಾಡಾಕತ್ತಿದ್ರು, 11ನೇ ತಾರೀಖು ದಿಲ್ಲಿ ಆಸ್ಪತ್ರ್ಯಾಗ ಹೋದ್ರು. ಆ ವಾರ ನಮ್ಮೂರ ಗುಡ್ಯಾಗ ದಿನಾ ಪೂಜಿ ಮಾಡಿಸಿದ್ರು, ಅವರು ಯಾರೋ ಏನೋ, ನಮಗ ಬೀಗರೂ ಅಲ್ಲ ಬಿಜ್ಜರೂ ಅಲ್ಲ. ಮೂರನೇ ಹೆಸರು ಪಾಸಾತು.

ಮೊದ್ಲು ಈ ಶೆಡ್ಡಿಗೆ ಬಂದಿರಲಿಲ್ಲ. ಹುಬ್ಬಳ್ಳ್ಯಾಗ ಒಂದು ಅಂಗಡಿಗೆ ಕೊಟ್ಟಿದ್ವಿ, ಎಸಿ ಶೋರೂಮು, ಸೋಫಾ, ಕೋಲ್ಡ್ರಿಂಕ್ಸ್. ಯಾವ ಅಂಗಡಿ ಅಂತ ಹೇಳೂದಿಲ್ಲ, ಕೇಳಬ್ಯಾಡ್ರಿ. ಕರೀ ಗ್ರಾನೈಟ್ ಮ್ಯಾಲೆ ಲೇಸರ್, ಮ್ಯಾಲೆ ಬಂಗಾರದ ಬಣ್ಣ, ನಾಲ್ಕೇ ದಿನದಾಗ ರೆಡಿ, ಶೋರೂಮಿನ ಲೈಟಿಗೆ ಏನ್ ಮಿಂಚತಿತ್ತ್ರಿ ಅದು. ತಪ್ಪು ನಮ್ಮದೂ ಐತಿ, ಒಕ್ಕಣಿ ವಾಟ್ಸಪ್ಪಿನ್ಯಾಗ ಕಳಿಸಿ ಕೈ ತೊಳಕೊಂಡ್ವಿ. ಅವರ ಮಷೀನಿಗೆ ನಮ್ಮ ಮೊಬೈಲಿನ ಅಕ್ಷರ ಹತ್ತೂದಿಲ್ಲ, ಹಳೇ ಫಾಂಟಿಗೆ ಯಾರೋ ಹುಡುಗ ಟೈಪ್ ಮಾಡ್ಯಾನ, ಯೋಧರು ಹೋಗಿ ಯೋದರು ಆಗೇತಿ. ಅದಕ್ಕಿಂತ ಕೆಟ್ಟದ್ದು ನಮ್ಮ ದೊಡ್ಡಪ್ಪನ ಹೆಸರು, ಅದ್ರಾಗ ದ್ಧ ಬರ್ತೈತಿ, ದ್ದ ಅಂತ ಮಾಡಿಟ್ಟಾರ. "ಒತ್ತಿನ್ಯಾಗ ಒಂದು ಗೆರಿ ಅಲ್ಲೇನ್ರಿ ಸರ, ಯಾರ್ ನೋಡ್ತಾರ" ಅಂದ್ರು. ನಮ್ಮಪ್ಪ ಏನೂ ಅನ್ನಲಿಲ್ಲ, ಚಪ್ಪಲಿ ಹಾಕ್ಕೊಂಡು ಹೊರಗ ಹೋಗಿ ಕಾರಿನ್ಯಾಗ ಕುಂತು ಬಿಟ್ರು. ಅಡ್ವಾನ್ಸ್ ವಾಪಸ್ ಬರಲಿಲ್ಲ. ಆ ಕಲ್ಲು ನೀರು ಬಿದ್ರ ಓದಾಕೂ ಬರ್ತಿರಲಿಲ್ಲ ಬಿಡ್ರಿ, ಲೇಸರ್ ಅಂದ್ರ ಮ್ಯಾಲಿನ ಪಾಲಿಶ್ ಅಷ್ಟ ಕೆರದಂಗ, ಆಳ ಇರೂದಿಲ್ಲ, ಬಣ್ಣ ಹೋತಂದ್ರ ಹೆಸರೂ ಹೋತು.

ಈ ಶೆಡ್ಡಿನ ಸುದ್ದಿ ಹೇಳಿದಾಂವ ನಮ್ಮೂರ ಗೌಂಡಿ. ಹೋದ ದಿನ ಯಜಮಾನ್ರು ರೇಟ್ ಹೇಳಲಿಲ್ಲ, ಕುಂಡ್ರ್ರಿ ಅಂದು ಚಾ ತರಿಸಿ ಮೊದ್ಲು ಕೇಳಿದ್ದು "ಎಂಥಾ ಮಣ್ಣಿನ್ಯಾಗ ನಿಲ್ಲಸ್ತೀರಿ?" ಎರಿ ಭೂಮಿ ರೀ ಅಂದ್ವಿ. "ಹಂಗಾದ್ರ ಕಲ್ಲಿಗಿಂತ ಮೊದ್ಲು ತಗ್ಗು ತೋಡ್ರಿ" ಅಂದ್ರು. ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಕೈ ಹೋಗುವಂಥಾ ಬಿರುಕು ಬಿಡ್ತೈತಿ, ಅದರ ಮ್ಯಾಲೆ ನೆಟ್ಟಗ ಇಟ್ಟ ಕಲ್ಲು ಎರಡು ವರ್ಷಕ್ಕ ಸೊಟ್ಟ. ಗರಸು ಹತ್ತೂತನಕ ತೋಡಸ್ರಿ, ಎರಿ ಎಲ್ಲಾ ತಗದು ಗರಸು ತುಂಬಿ ನೀರು ಹಾಕಿ ಧಮ್ಮಸ್ ಮಾಡಿ ಆಮ್ಯಾಲೆ ಕಟ್ಟಿ ಕಟ್ಟಸ್ರಿ ಅಂತ ನಮ್ಮ ಗೌಂಡಿಗೆ ಫೋನ್ ಹಚ್ಚಿ ಅರ್ಧ ತಾಸು ಹೇಳಿದ್ರು. ಐದು ಅಡಿ ತೋಡಿದ್ವಿ. ಈಗ ನಮ್ಮ ಪಂಚಾಯ್ತಿ ಧ್ವಜದ ಕಟ್ಟಿ ಬಿರುಕು ಬಿಟ್ಟೈತಿ, ಬಾಜೂಕ ಇರೋ ಈ ಕಟ್ಟಿಗೆ ಕೂದಲೆಳಿ ಬಿರುಕಿಲ್ಲ. ಕಲ್ಲಿನಂಗಡಿ ರಿವ್ಯೂದಾಗ ಮಣ್ಣಿನ ಸುದ್ದಿ ಯಾಕಂದ್ರ ಇದನ್ನ ಕೇಳಿದ ಅಂಗಡಿಯವರು ಇವರೊಬ್ರೇ.

ಕಲ್ಲು ಇಳಕಲ್ ಕೆಂಪು. ಕರೀದು ಯಾಕ ಬ್ಯಾಡ ಅಂದ್ರ ನಮ್ಮ ಬಿಸಲಿಗೆ ಕಾದ ಹಂಚಾಗ್ತೈತಿ, ಧೂಳು ಎದ್ದು ಕಾಣತೈತಿ, ಮುಖ ನೋಡಕೊಳ್ಳಾಕ ಚಲೋ ಅಷ್ಟ ಅಂದ್ರು. 5 ಅಡಿ ಎತ್ತರ, 3 ಅಡಿ ಅಗಲ, 4 ಇಂಚು ದಪ್ಪ, ಹತ್ರ ಹತ್ರ 380 ಕೆಜಿ, ಟಾಟಾ ಏಸ್‌ನಾಗ ತರಬೇಕಾದ್ರ ಎಂಟು ಮಂದಿ ಬೇಕಾತು. ಅಕ್ಷರ ತಗಿಯೂದು ಎರಡು ನಮೂನಿ. ಮಗ ಮರಳು ಹೊಡಿಯೋ ಮಷೀನ್ ಇಟ್ಟಾನ, ಸ್ಟಿಕರ್ ಕತ್ತರಿಸಿ ಅಂಟಿಸಿ ಗಾಳಿ ಜೋಡಿ ಮರಳು ಬಿಟ್ರ ತೆರದ ಜಾಗಾ ಅಷ್ಟ ತಿಂತೈತಿ, ಚಲೋ ಆಳ ಬರ್ತೈತಿ, ಆದ್ರ ನಮ್ಮ ಕನ್ನಡಕ್ಕ ಒಂದು ತ್ರಾಸು, ಒತ್ತಿನ ಸಣ್ಣ ಸೀಳು, ಥದ ಹೊಟ್ಟ್ಯಾಗಿನ ಚುಕ್ಕಿ ಇಂಥಾವು ಸ್ಟಿಕರಿನ್ಯಾಗ ಹಾರಿ ಹೋಗ್ತಾವ. ಅದಕ್ಕ ದೊಡ್ಡ ಅಕ್ಷರ ಮಷೀನಿಗೆ, ಒತ್ತು ಸೀಳು ಚುಕ್ಕಿ ಎಲ್ಲಾ ಯಜಮಾನ್ರು ಕೂತು ಉಳಿ ಸುತಗಿಲೇ ತಗೀತಾರ. ಒತ್ತಕ್ಷರಕ್ಕ ಬ್ಯಾರೆ ರೊಕ್ಕ ಇಲ್ಲ, ಇದನ್ನ ಮೊದ್ಲ ಕೇಳಿಕೊಂಡಿದ್ದೆ.

ಈಗ ಹೆಸರಿನ ಸುದ್ದಿ, ಇದಕ್ಕಾಗಿನೇ ನಾ ಇಷ್ಟುದ್ದ ಬರ್ಯಾಕತ್ತೇನಿ. "ಹೆಸರು ಫೋನಿನ್ಯಾಗ ಬ್ಯಾಡ, ಬರದದ್ದು ತೊಗೊಂಬರ್ರಿ, ಸತ್ತವರೇ ಬರದದ್ದಿದ್ರ ಇನ್ನೂ ಚಲೋ" ಅಂದ್ರು. ಪೆನ್ಷನ್ ಕಾಗದದಾಗ ಎಲ್ಲಾ ಇಂಗ್ಲಿಷ್, ದೊಡ್ಡಪ್ಪನ ಹೆಸರಿನ್ಯಾಗ ಒಂದೇ ಡಿ ಹಾಕ್ಯಾರ, ಅದ್ರಾಗ ದ ಐತೋ ಧ ಐತೋ ದೇವರಿಗೇ ಗೊತ್ತು. ಕಡಿಕ್ಕ ನಮ್ಮಪ್ಪ ಟ್ರಂಕಿನ ತಳದಿಂದ ಒಂದು ಇನ್‌ಲ್ಯಾಂಡ್ ಲೆಟರ್ ತಗದ್ರು. ಮಡಚಿದ ಕಡೆ ಹರದೈತಿ, ಎತ್ತು ಮಾರಬ್ಯಾಡ್ರಿ, ನಾ ರೊಕ್ಕ ಕಳಸ್ತೇನಿ ಅಂತ ಬರದಾರ, ಕೆಳಗ ಸಹಿ, ಒತ್ತಿನ ಹೊಟ್ಟಿ ಸೀಳಿದ್ದು ಹೆಂಗಂದ್ರ ಆ ಗೆರಿ ಸಾಲು ಬಿಟ್ಟು ಕೆಳಗ ಇಳದೈತಿ. ಯಜಮಾನ್ರು ಚಷ್ಮಾ ಏರಿಸಿ ನೋಡಿ "ಸಾಲಿ ಮಾಸ್ತರು ಹೊಡದು ಕಲಿಸಿದ ಅಕ್ಷರ ಇದು" ಅಂದ್ರು. ನಮ್ಮಪ್ಪ ನಕ್ಕಿದ್ದು ನಾ ಆ ತಿಂಗಳದಾಗ ಅವತ್ತೇ ನೋಡಿದ್ದು.

ಇನ್ನೊಂದು, ಸಿಯಾಚಿನ್ ಹುಡುಗನ ಹುದ್ದೆ ನಾಯಕ್. ಕನ್ನಡದಾಗ ನಾಯಕ ಅಂತ ಬರದ್ರ ನಮ್ಮ ಕಡೆ ಅಡ್ಡಹೆಸರು ಅಂತ ತಿಳೀತಾರ, ಮುಂದ ಅವರ ಮೊಮ್ಮಕ್ಕಳು ಯಾರಿಗೋ ಬೀಗರಾಗಿ ಕುಂಡ್ರಬೇಕಾಗ್ತೈತಿ. ಇದನ್ನೂ ಅವರೇ ಹಿಡದ್ರು, ಹುದ್ದೆ ಸಣ್ಣಕ್ಷರದಾಗ ಮ್ಯಾಲಿನ ಸಾಲಿಗೆ ಹಾಕಿ, ಕೆಳಗ ದೊಡ್ಡದಾಗಿ ಹೆಸರು ಅಡ್ಡಹೆಸರು. ಹುತಾತ್ಮ ಅಂತ ಬರೀಬೇಕೋ ಬ್ಯಾಡೋ ಅಂತ ಒಂದು ಸುತ್ತು ಚರ್ಚಾ ಆತು, ಮಿಲಿಟರಿ ಕಾಗದದಾಗ ಆ ಶಬ್ದ ಬರೂದಿಲ್ಲ, ಬ್ಯಾಟಲ್ ಕ್ಯಾಜುವಲ್ಟಿ ಅಂತಾರ ಅಂದ್ರು ಸುಬೇದಾರ್ ಕಾಕಾ, ಹಂಗಾಗಿ "ನಮ್ಮೂರ ಯೋಧರು" ಅಂತಷ್ಟ ಇಟ್ವಿ. ಧ ಸರಿ ಐತಿ, ಉಳಿ ಏಟಿನ ಗುರ್ತು ಬೆರಳಿಗೆ ಹತ್ತೈತಿ.

ಡಿಸೈನ್ ನಮ್ಮ ಹುಡುಗರು ಇಂಟರ್ನೆಟ್‌ನಿಂದ ತಗದಿದ್ರು, ತಲಿಕೆಳಗ ಬಂದೂಕು, ಮ್ಯಾಲೆ ಹೆಲ್ಮೆಟ್, ಹಿಂದ ಹಾರೋ ಧ್ವಜ. ಧಾರವಾಡದ ಕಾರ್ಗಿಲ್ ಸ್ತೂಪಾನೂ ನೋಡಿಕೊಂಡು ಬಂದಿದ್ವಿ, ಪಟ್ಟಣಕ್ಕ ಅದು ಒಪ್ಪತೈತಿ. ಯಜಮಾನ್ರು ಮಾಡಿಕೊಡ್ತೇನಿ ಅಂದ್ರು, ಆದ್ರ "ಒಮ್ಮೆ ಹಾವೇರಿ ಸಿದ್ಧೇಶ್ವರ ಗುಡಿಗೆ, ಹಂಗೇ ಹಾನಗಲ್ ತಾರಕೇಶ್ವರಕ್ಕ ಹೋಗಿ ವೀರಗಲ್ಲು ನೋಡಿ ಬರ್ರಿ" ಅಂದ್ರು. ಹೋದ್ವಿ. ಕೆಳಗ ಕಾದಾಡಾಕತ್ತಾನ, ನಡುವ ಅಪ್ಸರೆಯರು ಕರಕೊಂಡು ಹೊಂಟಾರ, ಮ್ಯಾಲೆ ಲಿಂಗದ ಮುಂದ ಕುಂತಾನ, ತುದಿಗೆ ಸೂರ್ಯ ಚಂದ್ರ. ಬರಹ ಇದ್ರ ಪಟ್ಟಿ ನಡುವಿನ ಅಂಚಿನ್ಯಾಗ. ಎಂಟುನೂರೋ ಸಾವಿರೋ ವರ್ಷದ ಹಿಂದ ದನಾ ಬಿಡಿಸಿಕೊಳ್ಳಾಕ ಹೋಗಿ ಸತ್ತಾವಗೂ ಹೆಸರು ಹಿಡದು ಕಲ್ಲು ನಿಲ್ಲಿಸ್ಯಾರ ನಮ್ಮ ಮಂದಿ, ಬಸ್ರಾಕ್ಕ ಹೋದಾವಗ ಇಲ್ಲ. ವಾಪಸ್ ಬಂದು ಹೆಲ್ಮೆಟ್ ಬ್ಯಾಡ, ಸೂರ್ಯ ಚಂದ್ರ ಹಾಕ್ರಿ ಅಂದ್ವಿ. ಹುಡುಗರು ಎರಡು ದಿನ ಮಾರಿ ಸೆಟಗೊಂಡಿದ್ರು.

ದಾನಿಗಳ ಹೆಸರು! ಇದು ನಮ್ಮ ಕಡೆ ದೊಡ್ಡ ರೋಗ. ಸತ್ತವರು ಮೂರು ಮಂದಿ, ಉದ್ಘಾಟಕರು, ಅಧ್ಯಕ್ಷರು, ಉಪಾಧ್ಯಕ್ಷರು, ಸರ್ವ ಸದಸ್ಯರು, ದಾನಿಗಳು ಸೇರಿ ಹದಿನೇಳು ಸಾಲು ಬರಕೊಂಡು ಹೋಗಿದ್ವಿ. ಯಜಮಾನ್ರು ಓದಿ, "ಇವರೆಲ್ಲಾ ಯಾವ ಯುದ್ಧದಾಗ ಹೋದ್ರು?" ಅಂದ್ರು. ನಾವು ನಕ್ಕು ನಕ್ಕು ಸಾಕಾತು, ಜೋಡಿ ಬಂದಿದ್ದ ಮೆಂಬರೊಬ್ರು ನಗಲಿಲ್ಲ. ಕಡಿಕ್ಕ ಹಿಂದಿನ ಬದಿಗೆ ಸಣ್ಣಕ್ಷರದಾಗ "ಊರವರ ಪಟ್ಟಿಯಿಂದ" ಅಂತ ಒಂದೇ ಸಾಲು. ಅಕ್ಷರಕ್ಕ 60 ರೂಪಾಯಿ ಹಿಡದ್ರ ತಮ್ಮ ಗಿರಾಕಿ ತಾವೇ ಕಳಕೊಂಡ್ರು ಅವರು, ಲೆಕ್ಕ ಹಾಕ್ರಿ.

ಸ್ಟಾರ್ ಎಲ್ಲಿ ಕಡಿಮಿ ಅಂದ್ರ, ಟೈಮು. ಒಂದು ತಿಂಗಳು ಅಂದಾವ್ರು ಮೂರು ತಿಂಗಳು ಮಾಡಿದ್ರು, ನಡುವ ಜಾತ್ರಿ ಸೀಜನ್ ಬಂತು ಅಂತ ಬಸವಣ್ಣ ಮುಗಿಸ್ಕೋತ ಕುಂತ್ರು. ಫೋನ್ ಎತ್ತೂದಿಲ್ಲ, ಉಳಿ ಸಪ್ಪಳದಾಗ ಕೇಳಸೂದಿಲ್ಲ ಅಂತಾರ, ಖರೇನೂ ಇರಬಹುದು. ಆಗಸ್ಟ್ 15ಕ್ಕ ಉದ್ಘಾಟನಾ ಅಂತ ಕಾರ್ಡ್ ಹಂಚಿ ಆಗಿತ್ತು, ಮುಂದ ಹಾಕಿ ಅಕ್ಟೋಬರ್‌ದಾಗ ಮಾಡಿದ್ವಿ, ಎಲ್ಲಾರ ಕಡೆ ನಾ ಬೈಸಿಕೊಂಡೆ. ಜಿಎಸ್‌ಟಿ ಬಿಲ್ ಕೇಳಿದ್ರ ಮಗ ಬರ್ಲಿ ಅಂತಾರ, ಮಗ ಅಪ್ಪನ್ನ ಕೇಳ್ರಿ ಅಂತಾನ, ಪಂಚಾಯ್ತಿ ಲೆಕ್ಕಕ್ಕ ಬಿಲ್ ಬೇಕಾದವರು ಅಡ್ವಾನ್ಸ್ ಕೊಡೂಮುಂದೇ ಬರಸಿಕೊಳ್ರಿ. ಕಲ್ಲು, ಕೆತ್ತೂದು, ಸಾಗಾಟ ಎಲ್ಲಾ ಸೇರಿ 58 ಸಾವಿರ ಆತು, ಕಟ್ಟಿ ಖರ್ಚು ಬ್ಯಾರೆ. ಹುಬ್ಬಳ್ಳಿಯವರಕಿಂತ ತುಟ್ಟಿನೇ.

ಒಂದು ಹೇಳೂದು ಉಳೀತು. ಹೆಸರು ಜೋಡಸೂಮುಂದ ಮೂರನೇ ಹೆಸರಿನ ಕೆಳಗ ಒಂದೂವರಿ ಅಡಿ ಖಾಲಿ ಉಳದಿತ್ತು. ಪೆನ್ಸಿಲ್ ಹಿಡಕೊಂಡು ಯಜಮಾನ್ರು ಕೇಳಿದ್ರು, "ಈ ಜಾಗಾ ಹಿಂಗೇ ಬಿಡ್ಲೇನ್ರಿ?" ಅವರು ಕೇಳಿದ್ದು ಕೆಲಸದ ಮಾತು. ಅವತ್ತು ಸಿಯಾಚಿನ್ ಹುಡುಗನ ಹೇಣ್ತಿ ನಮ್ಮ ಜೋಡಿ ಬಂದಿದ್ರು, ಹೆಸರು ಸರಿ ಐತೇನು ನೋಡಾಕ, ಅವರ ಮಗ ಈಗ ಪಿಯುಸಿ, ಮುಂಜಾನೆ ಎದ್ದು ಮಿಲಿಟರಿ ಭರ್ತಿ ಸಲುವಾಗಿ ಓಡ್ತಾನ. ಯಾರೂ ಮಾತಾಡಲಿಲ್ಲ. ಆಕಿ "ಬಿಡಬ್ಯಾಡ್ರಿ ಯಪ್ಪಾ, ಏನರ ತುಂಬ್ರಿ" ಅಂದ್ಲು. ಯಜಮಾನ್ರು ಹ್ಞೂಂ ಅಂದು ಅಂಚಿಗಿದ್ದ ಬಳ್ಳೀನ ಕೆಳತನಕ ಎಳಕೊಂಡು ಬಂದು ಎಲಿ, ಹೂವು, ನಡುವ ಎರಡು ಗಿಳಿ ತಗದು ಅಷ್ಟೂ ಜಾಗಾ ತುಂಬಿದ್ರು, ಪೂರಾ ಕೈಲೇ, ಹನ್ನೆರಡು ದಿನ ಹಿಡೀತು, ಬಿಲ್ಲಿನ್ಯಾಗ ಆ ಕೆಲಸದ ರೊಕ್ಕ ಹಚ್ಚಿಲ್ಲ. ನಾಲ್ಕು ಸ್ಟಾರ್.